ಕಲೆ ತೆಗೆಯುವ ಗುಂಡಿ

ಆ ಮನೆಯ ಮುಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಆದರೆ ಅದರ ಬೆಳಕಿಗೆ ಹಕ್ಕುದಾರರು ಇಬ್ಬರು. ಒಂದು ಕಡೆ ಅತ್ತೆಯ ಹೊಲಿಗೆ ಯಂತ್ರ, ಇನ್ನೊಂದು ಕಡೆ ಸೊಸೆಯ ಕಂಪ್ಯೂಟರು. ಸೂಜಿಗೆ ದಾರ ಪೋಣಿಸಲು ಅತ್ತೆಗೆ ಬೆಳಕು ಬೇಕೇ ಬೇಕು. ಅದೇ ಬೆಳಕು ಬಿದ್ದರೆ ಸೊಸೆಗೆ ಕಂಪ್ಯೂಟರಿನ ಪರದೆ ಕಾಣುವುದಿಲ್ಲ. ಆ ಪರದೆ ಕಾಣಬೇಕಾದರೆ ಕಿಟಕಿಯ ಪರದೆ ಎಳೆಯಬೇಕು. ಸೊಸೆ ಮದುವೆಯಾಗಿ ಬಂದ ವಾರದಿಂದಲೇ ಇಬ್ಬರೂ ಬಾಯಿಬಿಟ್ಟು ಜಗಳವಾಡದೆ, ಒಬ್ಬರು ಎದ್ದು ಹೋದಾಗ ಇನ್ನೊಬ್ಬರು ಆ ಬಟ್ಟೆಯನ್ನು ಅಷ್ಟಿಷ್ಟು ಸರಿಸುತ್ತ ಸಂಸಾರ ನಡೆಸಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ. ಈ ಮನೆಯಲ್ಲಿ ಬೆಳಗಿನ ಹೊತ್ತು ಅತ್ತೆಯದು, ಊಟವಾದ ಮೇಲೆ ಸೊಸೆಯದು.

ಸೊಸೆ ಮಾಡುವ ಕೆಲಸವೇನೆಂದು ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಅವಳು ಒಂದು ಹಳೆಯ ಪತ್ರಿಕೆಯ ಚಿತ್ರ ಭಂಡಾರಕ್ಕೆ ಮನೆಯಿಂದಲೇ ದುಡಿಯುತ್ತಿದ್ದಳು. ಕಂಪ್ಯೂಟರು ಬಂದ ಹೊಸದರಲ್ಲಿ ಸ್ಕ್ಯಾನರು ಮಾಡಿದವನೂ ಕ್ಯಾಮೆರಾ ಮಾಡಿದವನೂ ಚಿತ್ರಗಳನ್ನು ತಂತಮ್ಮ ಮನಸ್ಸಿಗೆ ಬಂದ ರೀತಿಯಲ್ಲಿ ಫೈಲು ಮಾಡಿ ಇಟ್ಟಿದ್ದರು. ಆಮೇಲೆ ಆ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಚಿತ್ರಗಳು ಉಳಿದವು, ಅವನ್ನು ತೆರೆಯುವ ಬಗೆ ತಿಳಿದವರು ಉಳಿಯಲಿಲ್ಲ. ಈಗಿನ ಕಂಪ್ಯೂಟರಿಗೆ ಅಂಥ ಫೈಲು ಕೊಟ್ಟರೆ ಇದು ಏನೋ ನನಗೆ ಗೊತ್ತಿಲ್ಲ ಎಂದು ಕೈಚೆಲ್ಲಿ ಕೂರುತ್ತದೆ. ಅಂಥ ಫೈಲುಗಳನ್ನು ತೆರೆದು ತೋರಿಸುವ ಒಂದು ಸಾಫ್ಟ್‌ವೇರನ್ನು ಅವಳು ಕಟ್ಟುತ್ತಿದ್ದಳು. ಅದಕ್ಕೆ ಕನ್ನಡಕ ಎಂದು ಹೆಸರಿಟ್ಟಿದ್ದಳು. ಗಂಡ ಅವಳಿಗೇ ಒಂದು ಹೆಸರಿಟ್ಟಿದ್ದ, ಪುರಾತತ್ವ ಇಲಾಖೆ ಎಂದು.

ಕನ್ನಡಕ ಹೇಗೆ ಕೆಲಸ ಮಾಡುತ್ತದೆ ಎಂದು ಅವಳು ಒಮ್ಮೆ ಅತ್ತೆಗೆ ಹೇಳಲು ಹೋಗಿದ್ದಳು.

"ಚಿತ್ರ ಅಂದ್ರೆ ಬರೀ ಚುಕ್ಕೆಗಳು ಅತ್ತೆ. ಆಗಿನ ಕಾಲದಲ್ಲಿ ಜಾಗ ಕಮ್ಮಿ ಇತ್ತು ನೋಡಿ, ಅದಕ್ಕೆ ಕೆಂಪು, ಕೆಂಪು, ಕೆಂಪು ಅಂತ ಬರೆಯೋ ಬದಲು, ಹತ್ತು ಸಲ ಕೆಂಪು, ಮೂರು ಸಲ ಕಪ್ಪು ಅಂತ ಬರೆದಿಡ್ತಿದ್ರು. ಅದನ್ನ ಯಾವ ಸಾಲಿಂದ ಓದಬೇಕು, ಸಾಲಿಗೆ ಎಷ್ಟು ಚುಕ್ಕೆ, ಯಾವ ಅಂಕಿ ಅಂದ್ರೆ ಯಾವ ಬಣ್ಣ, ಇಷ್ಟು ಕಂಡುಹಿಡಿದ್ರೆ ಚಿತ್ರ ಬಂತು ಅಂತಲೇ."

ಅತ್ತೆ ಬಾಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದು ಹೇಳಿದರು: "ಯಾರಿಗೂ ಕಾಣದ್ದೆಲ್ಲ ನಿಂಗೆ ಕಾಣುತ್ತೆ. ಒಲೆ ಮೇಲೆ ಹಾಲು ಉಕ್ಕೋದು ಮಾತ್ರ ಕಾಣಲ್ಲ."

ಮಾತು ಸುಳ್ಳಾಗಿರಲಿಲ್ಲ. ಹಾಲು ಆಗ ತಾನೆ ಉಕ್ಕಿತ್ತು. ಅತ್ತೆಯ ಬಾಯಿಯೂ ಅವರ ಕತ್ತರಿಯ ಹಾಗೆಯೇ, ಹಿಡಿದ ಗೆರೆ ಬಿಟ್ಟು ಆಚೀಚೆ ಹೋಗುತ್ತಿರಲಿಲ್ಲ. ಸೊಸೆ ಮಡಿಸಿದ ಬಟ್ಟೆ ಸುಕ್ಕು, ಸೊಸೆ ತೊಳೆದ ಲೋಟ ಜಿಡ್ಡು, ಸೊಸೆ ಗುಡಿಸಿದ ನೆಲದಲ್ಲಿ ದಾರದ ಚೂರು. ಎದುರಾಡಿ ಜಗಳಕ್ಕೆ ನಿಲ್ಲುವ ಸ್ವಭಾವ ಅವಳದಲ್ಲ; ಆದರೆ ನುಂಗಿಕೊಂಡ ಮಾತು ಎಲ್ಲಿಗೂ ಹೋಗುವುದಿಲ್ಲ, ಗಂಟಲಲ್ಲೇ ಕೂತಿರುತ್ತದೆ. ಅತ್ತೆಯ ಕಣ್ಣಿಗೆ ತಾನು ಎಂದೂ ಸರಿ ಕಾಣುವುದಿಲ್ಲವೆಂದು ಅವಳು ತೀರ್ಮಾನಿಸಿಯಾಗಿತ್ತು.

ಕನ್ನಡಕದಲ್ಲಿ ಒಂದು ಗುಂಡಿ ಇತ್ತು. ಹಳೆಯ ಸಿ.ಡಿ.ಗಳು ಗೀರುಬಿದ್ದು ಅಲ್ಲಲ್ಲಿ ಓದಲು ಬಾರದೆ ಹೋಗುತ್ತವೆ. ಓದಲು ಬಾರದ ಕಡೆ ಚಿತ್ರದಲ್ಲಿ ಕಪ್ಪು ಮಚ್ಚೆಗಳು ಬೀಳುತ್ತವೆ. ಆ ಗುಂಡಿಯ ಮೇಲೆ ಅವಳು ಬರೆದದ್ದು 'ಕಲೆ ತೆಗೆ' ಎಂದು. ಕಲಾವಿದನಾಗಲು ಹೋಗಿ ಸೋತಿದ್ದ ಗಂಡ ಅದನ್ನು ಓದಿ, "ನನ್ನಲ್ಲಿರೋದನ್ನೂ ತೆಗೆದುಬಿಡು, ಮನೆಗೆ ನೆಮ್ಮದಿ" ಎಂದಿದ್ದ. ಗುಂಡಿ ಒತ್ತಿದರೆ ಸಾಫ್ಟ್‌ವೇರು ಸುತ್ತಲಿನ ಬಣ್ಣಕ್ಕೆ ಹೊಂದದ ಕಪ್ಪನ್ನು ಹುಡುಕಿ, ಅಕ್ಕಪಕ್ಕದ ಬಣ್ಣವನ್ನೇ ಎಳೆದು ಅಲ್ಲಿಗೆ ತುಂಬುತ್ತಿತ್ತು. ತುಂಬಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪತ್ರಿಕೆಯವರು ಪ್ರತಿ ಚಿತ್ರಕ್ಕೂ ಗುಂಡಿ ಒತ್ತಬೇಕಲ್ಲ ಎಂದು ಗೊಣಗಿದಾಗ, ಹೇಗೂ ಎಲ್ಲರೂ ಒತ್ತುವ ಗುಂಡಿ, ತಾನಾಗಿಯೇ ಒತ್ತಿಕೊಳ್ಳಲಿ ಎಂದು ಅವಳು ಅದನ್ನು ಒಳಗೆ ಸೇರಿಸಿ, ಹೊರಗಿನ ಗುಂಡಿಯನ್ನು ಕಿತ್ತುಹಾಕಿದಳು. ಪತ್ರಿಕೆಯವರು ಹೊಗಳಿದರು. ಆಮೇಲೆ ಅವಳು ಅದನ್ನು ಮರೆತಳು.

ಅಷ್ಟರಲ್ಲಿ ಅತ್ತೆಯ ಕಣ್ಣಿನ ಸುದ್ದಿ ಬಂತು.

ಅತ್ತೆಗೆ ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಬೆಳಕು ಕತ್ತಲೆ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಇಷ್ಟು ವರ್ಷ ಹೊಲಿದದ್ದು, ಓದಿದ್ದು, ಸೊಸೆಯ ತಪ್ಪು ಹುಡುಕಿದ್ದು ಎಲ್ಲವೂ ಬಲಗಣ್ಣೊಂದರಿಂದಲೇ. ಕನ್ನಡಕದ ನಂಬರು ನೋಡಿಸಲು ಹೋದಾಗ ಕಣ್ಣಿನ ಡಾಕ್ಟರು ಆ ಬಲಗಣ್ಣಿನೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಮತ್ತೆ ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿ ಕೂತರು.

"ಕಣ್ಣಿನ ಒಳಗೋಡೆ ಮೇಲೆ ಒಂದು ಕಪ್ಪು ಚುಕ್ಕೆ ಇದೆ ಅಮ್ಮ. ಮೈಮೇಲೆ ಮಚ್ಚೆ ಇರುತ್ತಲ್ಲ, ಕಣ್ಣೊಳಗೂ ಹಾಗೆ ಇರಬಹುದು. ಅದಾದ್ರೆ ಏನೂ ಮಾಡ್ಬೇಕಾಗಿಲ್ಲ, ಅದರ ಪಾಡಿಗೆ ಅದು ಇರುತ್ತೆ. ಆದ್ರೆ ಹೊಸದಾಗಿ ಹುಟ್ಟಿ ಬೆಳೀತಿರೋ ಗಡ್ಡೆ ಆದ್ರೆ ಬಿಡೋ ಹಾಗಿಲ್ಲ. ಕಿರಣ ಕೊಟ್ಟು ಸುಡಬೇಕು."

"ಸುಟ್ಟರೆ?" ಎಂದರು ಅತ್ತೆ.

"ಜೀವಕ್ಕೆ ಅಪಾಯ ತಪ್ಪುತ್ತೆ. ದೃಷ್ಟಿ ಉಳಿಯೋದು ಕಷ್ಟ. ನೋಟದ ನಡುಮಧ್ಯಕ್ಕೆ ತೀರಾ ಹತ್ತಿರ ಇದೆ."

ಬೇರೆ ಪರೀಕ್ಷೆಗಳೂ ಆದವು. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇರಬಹುದು, ಇರಲಿಕ್ಕಿಲ್ಲ ಎಂದವು. ಆ ಚುಕ್ಕೆ ಹಳೆಯದೋ ಹೊಸದೋ ಎಂದು ತಿಳಿದರೆ ಮಾತು ಮುಗಿಯುತ್ತಿತ್ತು. ಮಾವ ಬದುಕಿದ್ದಾಗ ಅತ್ತೆ ಇದೇ ಆಸ್ಪತ್ರೆಯಲ್ಲಿ ಎರಡೂ ಕಣ್ಣಿನ ಚಿತ್ರ ತೆಗೆಸಿದ್ದರು. ಡಾಕ್ಟರು ಅದನ್ನು ದಾಖಲೆ ಕೋಣೆಯಿಂದ ತರಿಸಿದರು. ಬಂದದ್ದು ಒಂದು ಸಿ.ಡಿ.

"ಇದೇ ತೊಂದರೆ," ಎಂದರು ಡಾಕ್ಟರು. "ಆ ಕ್ಯಾಮೆರಾ ಯಾವತ್ತೋ ಕೆಟ್ಟುಹೋಯ್ತು, ಅದರ ಕಂಪನಿ ಮುಚ್ಚಿಹೋಯ್ತು. ಈ ಫೈಲು ಈಗಿನ ಯಾವ ಕಂಪ್ಯೂಟರಲ್ಲೂ ತೆರೆಯಲ್ಲ. ಇಂಥವು ಒಂದು ಬೀರು ತುಂಬ ಇವೆ ನಮ್ಮಲ್ಲಿ."

ಅತ್ತೆ ಸೊಸೆಯ ಕಡೆಗೆ ತಿರುಗದೆಯೇ ಹೇಳಿದರು: "ಇವಳ ಕೈಗೆ ಕೊಡಿ. ಇವಳ ಕೆಲಸಾನೇ ಅದು. ಅದರಲ್ಲಿ ಇವಳನ್ನ ಬಿಟ್ರಿಲ್ಲ."

ಸೊಸೆಗೆ ತನ್ನ ಕಿವಿಯನ್ನು ತಾನೇ ನಂಬಲಾಗಲಿಲ್ಲ. ಸಿ.ಡಿ.ಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮನೆಗೆ ಬಂದವಳೇ ಕೆಲಸಕ್ಕೆ ಕೂತಳು. ಪತ್ರಿಕೆಯವರಿಗೆ ಈ ವಾರ ನನ್ನನ್ನು ಕೇಳಬೇಡಿ ಎಂದು ಹೇಳಿದಳು. ಫೈಲಿನ ತಲೆಯಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಬಿಡಿಸಿದಳು. ಮೊದಲ ದಿನ ಬರೀ ಬೂದು ಬಣ್ಣದ ಗಲೀಜು ಬಂತು. ಆಮೇಲೆ ಏನೋ ಕಂಡಿತು, ಆದರೆ ಸಾಲಿನ ಅಗಲ ತಪ್ಪಾಗಿ ಕಣ್ಣು ಓರೆಯಾಗಿ ಎಳೆದ ಬಟ್ಟೆಯ ಹಾಗೆ ಒಂದು ಕಡೆಗೆ ಜಾರಿತ್ತು. ಅಗಲ ಸರಿಹೋದ ಮೇಲೆ ಕೆಂಪಿದ್ದಲ್ಲಿ ನೀಲಿ ಬಂತು; ಗಂಡ ಹಿಂದಿನಿಂದ ಬಗ್ಗಿ ನೋಡಿ, ಅಮ್ಮನ ಕಣ್ಣು ಇಷ್ಟು ತಂಪಾಗಿರೋಕೆ ಸಾಧ್ಯವೇ ಇಲ್ಲ ಎಂದ. ಅವಳಿಗೆ ನಗು ಬಂತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅತ್ತೆಯೂ ನಕ್ಕದ್ದು ಕೇಳಿಸಿತು.

ಒಂದು ಸಂಜೆ ಚಿತ್ರ ಬಂತು. ಕಿತ್ತಳೆಗೆಂಪು ಬಣ್ಣದ ದುಂಡು ನೆಲ, ಒಂದು ಬದಿಗೆ ನರ ಬಂದು ಸೇರುವ ಬಿಳಿ ಬೊಟ್ಟು, ಅಲ್ಲಿಂದ ಕವಲೊಡೆದು ಹರಡಿದ ರಕ್ತನಾಳಗಳು. ಎಲ್ಲೂ ಒಂದು ಚೂರೂ ಕಲೆಯಿಲ್ಲ. ಎಷ್ಟು ಚೊಕ್ಕವಾಗಿ ಬಂತು ಎಂದು ಅವಳ ಮನಸ್ಸು ಒಂದು ಗಳಿಗೆ ಹಿಗ್ಗಿತು. ಮರುಗಳಿಗೆ, ಚೊಕ್ಕವಾಗಿ ಬಂತೆಂದರೆ ಆ ಚುಕ್ಕೆ ಹೊಸದೆಂದೇ ಅರ್ಥ ಎಂಬುದು ಹೊಳೆಯಿತು.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಹೊಸದರಲ್ಲಿ ಚುಕ್ಕೆ ಇದ್ದ ಜಾಗದಲ್ಲಿ ಹಳೆಯದರಲ್ಲಿ ಬರೀ ಕೆಂಪು ನೆಲ ಇತ್ತು.

"ಆಗ ಇರಲಿಲ್ಲ," ಎಂದರು. "ಹೊಸದೇ. ತಡ ಮಾಡೋದು ಬೇಡ."

ಮುಂದಿನ ವಾರಕ್ಕೆ ದಿನ ಗೊತ್ತಾಯಿತು.

ಅತ್ತೆ ಅಳಲಿಲ್ಲ. ಅತ್ತಿದ್ದರೆ ಮನೆಯವರಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ಹೊಲಿಯಲು ಒಪ್ಪಿಕೊಂಡಿದ್ದ ಬಟ್ಟೆಗಳನ್ನು ಒಂದೊಂದಾಗಿ ಮುಗಿಸಿ ಕೊಟ್ಟರು, ಹೊಸದು ತಂದವರನ್ನು ಬಾಗಿಲಲ್ಲೇ ಬೇರೆ ಕಡೆ ಕಳಿಸಿದರು. ಹೊಲಿಗೆ ಪೆಟ್ಟಿಗೆಯಲ್ಲಿ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಅಲ್ಲದೆ ಗಾತ್ರದ ಪ್ರಕಾರ ಜೋಡಿಸಿಕೊಂಡರು. ಕಣ್ಣು ಮುಚ್ಚಿಕೊಂಡು ಅಡುಗೆಮನೆಗೆ ನಡೆದು ಹೋಗಿ, ನೀರಿನ ಕೊಡ ಎಲ್ಲಿದೆ, ಒಲೆ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿ ಬರುತ್ತಿದ್ದರು. ಸೊಸೆ ನೋಡಿದ್ದು ಗೊತ್ತಾದರೆ, "ಕಾಲಿಗೆ ವ್ಯಾಯಾಮ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಕೋಣೆಗೆ ಬಂದಾಗ ಕಿಟಕಿಯ ಪರದೆ ಪೂರ್ತಿ ಎಳೆದಿತ್ತು. ಅದು ಅತ್ತೆಯ ಹೊತ್ತು.

"ಇಷ್ಟು ಬೇಗ ಯಾಕೆ ಎಳೆದ್ರಿ ಅತ್ತೆ?"

"ನಂಗಿನ್ನು ಬೆಳಕು ತಗೊಂಡು ಏನಾಗಬೇಕು? ನೀನು ಕೂತ್ಕೋ. ನಿನ್ನ ಕೆಲಸ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ."

ವ್ಯಂಗ್ಯವಿರಲಿಲ್ಲ ಅದರಲ್ಲಿ. ಅದೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ವರ್ಷ ಅತ್ತೆಯ ಬಾಯಿಂದ ಇಂಥ ಒಂದು ಮಾತು ಬರಲಿ ಎಂದು ಹಂಬಲಿಸಿದ್ದಳು. ಬಂದಾಗ ಅದು ಬೇಡವಾಗಿತ್ತು. ಹಾಲು ಉಕ್ಕಿತೆಂದು ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದಳು.

ಕಿರಣ ಕೊಡುವ ದಿನ ಹತ್ತಿರವಾದಾಗ ನಾದಿನಿ ಬಂದಳು. ಗಂಡನ ತಂಗಿ, ಇನ್ನೊಂದು ಊರಿನಲ್ಲಿ ಸಂಸಾರ. ಅವಳು ಬಂದರೆ ಮನೆಗೆ ಬಾಯಿ ಬರುತ್ತದೆ. ಬಂದ ಮಧ್ಯಾಹ್ನ ಅಮ್ಮನ ಪಕ್ಕ ಕೂತು ಊರ ಸುದ್ದಿಯನ್ನೆಲ್ಲ ಹೇಳಿದಳು, ಅಮ್ಮ ಮಲಗಿದ ಮೇಲೆ ಮುಂದಿನ ಕೋಣೆಗೆ ಬಂದು ಅತ್ತಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಅತ್ತಿಗೆ, ಅಪ್ಪನ ಹಳೇ ಫೋಟೋಗಳನ್ನ ತೆರೆದಿದ್ದೀಯ ಅಂತ ಅಣ್ಣ ಹೇಳ್ದ. ತೋರ್ಸು. ಮನಸ್ಸಿಗೆ ಏನಾದ್ರೂ ಬೇಕು."

ಮನೆಯ ಹಳೆಯ ಫೋಟೋಗಳನ್ನು ಮಾವ ಒಂದು ಕಾಲದಲ್ಲಿ ಅಂಗಡಿಯಲ್ಲಿ ಸ್ಕ್ಯಾನು ಮಾಡಿಸಿ ಇಟ್ಟಿದ್ದರು. ಅವೂ ಸತ್ತ ಬಗೆಯ ಫೈಲುಗಳೇ. ಸೊಸೆ ಅವನ್ನು ಹಿಂದೆಯೇ ಕನ್ನಡಕದಲ್ಲಿ ಹಾಕಿ ತೆಗೆದಿದ್ದಳು. ಅತ್ತೆ ಮಾತ್ರ, ಹೋದವರನ್ನು ಟಿ.ವಿ. ನೋಡಿದ ಹಾಗೆ ನೋಡೋಕೆ ನನ್ನಿಂದಾಗಲ್ಲ ಎಂದು ಹತ್ತಿರವೂ ಸುಳಿದಿರಲಿಲ್ಲ. ಗಂಡ ನೋಡಿದ್ದ, ಚೆನ್ನಾಗಿದೆ ಎಂದಿದ್ದ. ಎದುರಿಗಿರುವ ಉಪ್ಪಿನ ಡಬ್ಬಿ ಕಾಣದವನ ಮಾತು ಅದು. ಸೊಸೆಯಂತೂ ಮಾವನನ್ನು ನೋಡಿದವಳೇ ಅಲ್ಲ. ಅವಳು ಬರುವ ಮೊದಲೇ ಅವರು ಹೋಗಿದ್ದರು. ಗೋಡೆಯ ಮೇಲಿನ ಫೋಟೋದಲ್ಲಿ ಅವರಿಗೆ ಎದೆಯವರೆಗೆ ಗಡ್ಡ.

ನಾದಿನಿ ಒಂದೊಂದೇ ಚಿತ್ರ ನೋಡುತ್ತ ಹೋದಳು. ಗಡ್ಡವಿಲ್ಲದ ಕಾಲದ ಒಂದು ಫೋಟೋ ಬಂದಾಗ ನಿಂತಳು. ಮುಖ ಹತ್ತಿರಕ್ಕೆ ತಂದಳು, ದೂರಕ್ಕೆ ಸರಿಸಿದಳು.

"ಇದು ಅಪ್ಪ ಅಲ್ಲ."

"ಅಪ್ಪ ಅಲ್ದೆ ಇನ್ಯಾರು? ಪಕ್ಕದಲ್ಲಿ ನಿಮ್ಮಮ್ಮ ನಿಂತಿದ್ದಾರಲ್ಲ."

"ಅದೇ ನಂಗೂ ದಿಗಿಲು," ಎಂದಳು ನಾದಿನಿ. "ಅಮ್ಮ ಯಾರ ಪಕ್ಕ ನಿಂತಿದ್ದಾಳೆ ಅಂತ. ಅಪ್ಪನ ಗಲ್ಲದ ಮೇಲೆ ಇಷ್ಟು ದೊಡ್ಡ ಮಚ್ಚೆ ಇತ್ತು ಅತ್ತಿಗೆ, ಹುರುಳಿಕಾಳಿನಷ್ಟು. ಅದನ್ನ ಮುಚ್ಚೋಕೇ ಗಡ್ಡ ಬಿಟ್ಟಿದ್ದು ಅವನು. ಮಚ್ಚೆ ಎಲ್ಲೋಯ್ತು?"

ಸೊಸೆ ಮೊದಲು ನಕ್ಕಳು. "ಕನ್ನಡಕ ಅದನ್ನ ಕಲೆ ಅಂದ್ಕೊಂಡಿರುತ್ತೆ ಕಣೆ, ತೆಗೆದುಹಾಕಿರುತ್ತೆ. ಅದಕ್ಕೇನು ಗೊತ್ತು, ಯಾವುದು ಕಲೆ, ಯಾವುದು ಮಚ್ಚೆ..."

ಮಾತು ಬಾಯಲ್ಲೇ ನಿಂತಿತು. ಮಚ್ಚೆ ಎಂಬ ಮಾತನ್ನು ಅವಳು ಇತ್ತೀಚೆಗೆ ಕೇಳಿದ್ದು ಡಾಕ್ಟರ ಬಾಯಿಂದ. ಕಣ್ಣೊಳಗೂ ಹಾಗೆ ಇರಬಹುದು ಎಂದಿದ್ದರು.

"ಏನಾಯ್ತು? ನಾನು ತಮಾಷೆಗೆ ಅಂದೆ ಅತ್ತಿಗೆ."

ಸೊಸೆ ಆಗಲೇ ಕಂಪ್ಯೂಟರಿನ ಕಡೆ ತಿರುಗಿದ್ದಳು. ಕನ್ನಡಕದ ಒಳಗನ್ನು ತೆರೆದು, ಕಲೆ ತೆಗೆಯುವ ಭಾಗವನ್ನು ಹುಡುಕಿದಳು. ಅದು ಅಲ್ಲೇ ಇತ್ತು, ಯಾರೂ ಒತ್ತದೆ ತಾನೇ ಒತ್ತಿಕೊಳ್ಳುತ್ತ, ಅವಳು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತ. ಅದನ್ನು ಅಳಿಸಿದಳು. ಮಾವನ ಫೋಟೋ ಮತ್ತೆ ತೆರೆದಾಗ ಗಲ್ಲದ ಮೇಲೆ ಹುರುಳಿಕಾಳು ಬಂದು ಕೂತಿತ್ತು. ನಾದಿನಿ "ಅಪ್ಪ" ಎಂದು ಮೆಲ್ಲಗೆ ಹೇಳಿದಳು.

ಆಮೇಲೆ ಸೊಸೆ ಅತ್ತೆಯ ಕಣ್ಣಿನ ಚಿತ್ರ ತೆರೆದಳು. ಬಿಳಿ ಬೊಟ್ಟಿನಿಂದ ಆಚೆ, ನಡುಮಧ್ಯಕ್ಕೆ ಹತ್ತಿರ, ಡಾಕ್ಟರು ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ, ಒಂದು ಕಪ್ಪು ಚುಕ್ಕೆ.

ಅವಳಿಗೆ ಕೂಗಿಕೊಳ್ಳಬೇಕೆನಿಸಿತು. ಕೂಗಲಿಲ್ಲ. ಒಂದು ಸಲ ಚೊಕ್ಕ ಚಿತ್ರ ನೋಡಿ ಹಿಗ್ಗಿ ಕೆಟ್ಟಿದ್ದಳು, ಈಗ ಚುಕ್ಕೆ ನೋಡಿ ಹಿಗ್ಗುವ ಧೈರ್ಯ ಬರಲಿಲ್ಲ. ಇದು ನಿಜವಾಗಿಯೂ ಸಿ.ಡಿ.ಯ ಗೀರಿನಿಂದ ಬಿದ್ದ ಕಲೆಯಾಗಿದ್ದರೆ? ಅತ್ತೆಯ ಕಣ್ಣಿನ ಆಸೆಗೆ ಬಿದ್ದು ಕಲೆಯನ್ನು ಮಚ್ಚೆ ಎಂದು ಡಾಕ್ಟರ ಮುಂದೆ ಇಟ್ಟರೆ, ಬೆಳೆಯುವ ಗಡ್ಡೆಯನ್ನು ಬಿಟ್ಟುಬಿಟ್ಟ ಹಾಗಾಗುತ್ತದೆ. ಆಗ ಹೋಗುವುದು ಬರೀ ಕಣ್ಣಲ್ಲ. ನಾದಿನಿಗೆ ಚಹಾ ಮಾಡಲು ಹೇಳಿ, ಒಬ್ಬಳೇ ಕೂತು ಆ ಚುಕ್ಕೆಯನ್ನು ದೊಡ್ಡದು ಮಾಡಿದಳು.

ಗೀರಿನ ಕಲೆಗಳನ್ನು ಅವಳಷ್ಟು ಕಂಡವರು ಯಾರಿದ್ದಾರೆ? ಅವು ಸಾಲಿನ ಉದ್ದಕ್ಕೆ ಬೀಳುತ್ತವೆ, ಅಂಚು ಕತ್ತರಿಸಿದ ಹಾಗೆ ಇರುತ್ತದೆ, ಒಳಗೆಲ್ಲ ಒಂದೇ ಕಪ್ಪು. ಏಕೆಂದರೆ ಅಲ್ಲಿ ಏನೂ ಇರುವುದಿಲ್ಲ. ಈ ಚುಕ್ಕೆ ದುಂಡಗಿತ್ತು. ಅದರೊಳಗೆ ಕಪ್ಪಿನಲ್ಲೂ ಬೂದು, ಬೂದಿನಲ್ಲೂ ಕಂದು ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಣ್ಣ ರಕ್ತನಾಳ ಆ ಕಪ್ಪಿನ ಮೇಲೆ ಹತ್ತಿ, ಎಲ್ಲೂ ಕಡಿಯದೆ, ಆಚೆಗೆ ಇಳಿದು ಹೋಗಿತ್ತು. ಕಲೆಯಾಗಿದ್ದರೆ ನಾಳವೂ ಅಲ್ಲಿ ಮಾಯವಾಗಬೇಕಿತ್ತು. ಮೊದಲ ಸಲ ಕಲೆ ತೆಗೆಯುವ ಭಾಗ ಆ ನಾಳವನ್ನೂ ಒರೆಸಿಹಾಕಿ ಮೇಲೆ ಕೆಂಪು ಬಳಿದಿತ್ತು. ಅವಳು ಹಿಂದಕ್ಕೆ ಒರಗಿ ಕಣ್ಣೊರೆಸಿಕೊಂಡಳು.

ಚಹಾ ಕುಡಿಯಲು ನಿಲ್ಲದೆ ಆಸ್ಪತ್ರೆಗೆ ಹೊರಟಳು. ನಾದಿನಿ ಏನೂ ಕೇಳದೆ ಚಪ್ಪಲಿ ತಂದಿಟ್ಟಳು.

ಡಾಕ್ಟರು ಮನೆಗೆ ಹೊರಡುವ ಹೊತ್ತು. ಸೊಸೆ ನಿಂತಲ್ಲೇ ಎಲ್ಲ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ: ತನ್ನ ಗುಂಡಿ, ತನ್ನ ಜಾಣತನ, ತನ್ನ ಮರೆವು. ಡಾಕ್ಟರು ಕೈಚೀಲ ಕೆಳಗಿಟ್ಟು ಮತ್ತೆ ದೀಪ ಹಾಕಿದರು. ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಚುಕ್ಕೆಯನ್ನು ಬಿಳಿ ಬೊಟ್ಟಿನ ಅಳತೆಗೆ ಹೋಲಿಸಿದರು, ಇಲ್ಲಿ ಒಂದು ಸಲ, ಅಲ್ಲಿ ಒಂದು ಸಲ. ಆ ಸಣ್ಣ ನಾಳವನ್ನು ಹಳೆಯದರಲ್ಲಿ ಹುಡುಕಿ, ಹೊಸದರಲ್ಲಿ ಅದೇ ಜಾಗದಲ್ಲಿ ಹುಡುಕಿದರು.

"ಕೂದಲೆಳೆಯಷ್ಟೂ ಬೆಳೆದಿಲ್ಲ," ಎಂದರು ಕೊನೆಗೆ. "ಆಗ ಹೇಗಿತ್ತೋ ಈಗಲೂ ಹಾಗೇ ಇದೆ. ಮಚ್ಚೆ. ಏನೂ ಮಾಡೋದು ಬೇಡ. ವರ್ಷಕ್ಕೊಂದು ಸಲ ಬಂದು ತೋರಿಸ್ಕೊಂಡು ಹೋಗ್ಲಿ, ಸಾಕು."

ಸೊಸೆ ಕುರ್ಚಿ ಹುಡುಕಿಕೊಂಡು ಕೂತಳು. ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ.

"ನಿಮ್ಮ ಚಿತ್ರ ನಂಬಿ ನಾನು ಒಳ್ಳೆ ಕಣ್ಣು ಸುಡೋಕೆ ಹೊರಟಿದ್ದೆ. ಇದರಲ್ಲಿ ಬೇರೆ ಯಾರ ಕಣ್ಣಾದ್ರೂ ತೆರೆದಿದ್ದೀರಾ?"

"ಇಲ್ಲ ಡಾಕ್ಟ್ರೇ. ಇದೊಂದೇ."

"ಹಾಗಾದ್ರೆ ನಮ್ಮಿಬ್ಬರ ಪುಣ್ಯ ಅಂದ್ಕೊಳ್ಳಿ. ಸರಿಮಾಡಿ ತನ್ನಿ, ಬೀರು ತುಂಬ ಇದೆ ಕೆಲಸ. ಆದ್ರೆ ಇನ್ನು ಮೇಲೆ ನಂಗೆ ಚಂದದ ಚಿತ್ರ ಬೇಡ. ಇದ್ದದ್ದು ಇದ್ದ ಹಾಗೆ ಬೇಕು."

ದಾರಿಯುದ್ದಕ್ಕೂ ಆ ಬೀರು ಅವಳ ಕಣ್ಣಮುಂದೆಯೇ ಇತ್ತು. ಮೊದಲು ತೆರೆದದ್ದು ಯಾರೋ ದಾರಿಹೋಕರ ಕಣ್ಣಾಗಿದ್ದರೆ, ಅವರ ಮಗಳು ಬಂದು ಮಚ್ಚೆ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಚಿತ್ರ ಚೊಕ್ಕವಾಗಿರುತ್ತಿತ್ತು, ಚಿಕಿತ್ಸೆ ನಡೆಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸಂತೋಷ ಬಂದದ್ದು ಮನೆಯ ಬೀದಿಗೆ ತಿರುಗಿದ ಮೇಲೆ.

ಅತ್ತೆ ಎದ್ದು ಮುಂದಿನ ಕೋಣೆಯಲ್ಲಿ ಕೂತಿದ್ದರು. ಗಂಡನೂ ಕೆಲಸದಿಂದ ಬಂದಿದ್ದ. ಅವಳು ಅತ್ತೆಯ ಮುಂದೆ ನೆಲದ ಮೇಲೆ ಕೂತು, ಮೊದಲು ಡಾಕ್ಟರು ಹೇಳಿದ್ದು ಹೇಳಿದಳು. ಕಿರಣ ಬೇಡ. ಅದು ಹಳೇ ಮಚ್ಚೆ. ನಾದಿನಿ ಅಮ್ಮನ ಭುಜ ಹಿಡಿದುಕೊಂಡು ಜೋರಾಗಿ ಅತ್ತಳು, ಗಂಡ ಕಿಟಕಿಯ ಕಡೆ ತಿರುಗಿ ಮೂಗು ಸೀಟಿಕೊಂಡ. ಅತ್ತೆ ಮಾತ್ರ ಸೊಸೆಯನ್ನೇ ನೋಡುತ್ತಿದ್ದರು.

"ಮತ್ತೆ ಮೊದಲು ಯಾಕೆ ಕಾಣಲಿಲ್ಲ?"

"ನಾನೇ ಅಳಿಸಿದ್ದೆ ಅತ್ತೆ. ಬೇಕಂತ ಅಲ್ಲ. ಕಲೆ ಇದ್ರೆ ತೆಗೀಲಿ ಅಂತ ಬರೆದಿಟ್ಟಿದ್ದೆ, ಅದು ನಿಮ್ಮ ಮಚ್ಚೆಯನ್ನೂ ಕಲೆ ಅಂತ ತೆಗೀತು. ನೀವು ಇಷ್ಟು ದಿನ ಪಟ್ಟ ಸಂಕಟ ಎಲ್ಲ ನನ್ನಿಂದ. ಏನಂತೀರೋ ಅನ್ನಿ."

ಗಂಡ ಏನೋ ಹೇಳಲು ಬಾಯಿ ತೆರೆದ. ಅತ್ತೆ ಕೈಯೆತ್ತಿ ತಡೆದರು.

"ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ನಾನು," ಎಂದರು. "ಕುರುಡಿಯಾಗಿ ಈ ಮನೇಲಿ ಹೇಗೆ ಓಡಾಡೋದು ಅಂತ ಒಂದೊಂದು ಗೋಡೆನೂ ಮುಟ್ಟಿ ನೋಡಿದ್ದೀನಿ. ನಿನ್ನ ಮೇಲೆ ಕೋಪ ಬರದೆ ಇರುತ್ತಾ?"

"ಇಲ್ಲ ಅತ್ತೆ. ಬರಬೇಕು."

"ಬಂದಿದೆ." ಅತ್ತೆ ಕಂಪ್ಯೂಟರಿನ ಕಡೆ ಕೈ ತೋರಿಸಿ, "ತೋರ್ಸು ಅದನ್ನ," ಎಂದರು.

ಅವಳು ಚಿತ್ರವನ್ನು ಪರದೆಯ ತುಂಬ ತೆರೆದಳು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಬಲಗಣ್ಣನ್ನು ಅದೇ ಬಲಗಣ್ಣಿನಿಂದ ನೋಡಿದರು: ಕೆಂಪು ನೆಲ, ಬಿಳಿ ಬೊಟ್ಟು, ಕವಲು ಕವಲಾದ ನಾಳಗಳು. ಸೊಸೆ ಬೆರಳಿಟ್ಟು ಚುಕ್ಕೆ ತೋರಿಸಿದಳು.

"ಇದು ಮೊದಲಿಂದಲೂ ಇತ್ತಾ?"

"ಹೂಂ. ಹುಟ್ಟಿದಾಗಿಂದಲೇ ಇದ್ದಿರಬಹುದು ಅಂದ್ರು ಡಾಕ್ಟ್ರು."

"ನೀನು ಈ ಮನೆಗೆ ಬಂದ ದಿನಾನೂ ಇತ್ತು."

"ಇತ್ತು ಅತ್ತೆ."

ಅತ್ತೆ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪರದೆಯಿಂದ ಮುಖ ತಿರುಗಿಸಿ, ಸೊಸೆಯ ಗದ್ದ ಹಿಡಿದು ಬೆಳಕಿನ ಕಡೆಗೆ ಎತ್ತಿದರು. ಅಷ್ಟು ಹತ್ತಿರದಿಂದ ಅವರು ಅವಳನ್ನು ಎಂದೂ ನೋಡಿರಲಿಲ್ಲ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ," ಎಂದರು. "ಕಪ್ಪು ಇದ್ದದ್ದು ನನ್ನ ಕಣ್ಣಲ್ಲಿ. ಇಷ್ಟು ವರ್ಷ ಅದನ್ನ ನಿನ್ನ ಮೈಮೇಲೆ ಹುಡುಕ್ತಾ ಕೂತಿದ್ದೆ ನೋಡು."

ಸೊಸೆ, ಗದ್ದ ಹಿಡಿದಿದ್ದ ಆ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದುಕೊಂಡು ಹಾಗೇ ಕೂತಿದ್ದಳು. ಅತ್ತೆಯೂ ಬಿಡಿಸಿಕೊಳ್ಳಲಿಲ್ಲ.